ಎರವಲು ನುಡಿಯ ನಾಯಿಕೆ: ವಿವಿಯನ್ ಲೀ

ಆಂಗ್ಲ ನಟನೊಬ್ಬನು ಅಮೆರಿಕನ್ನನ ಪಾತ್ರ ವಹಿಸಿದನೆಂದರೆ ಇಂದು ಯಾರೂ ಹುಬ್ಬೇರಿಸುವುದಿಲ್ಲ. ಲಂಡನ್ನಿನ ಡೇನಿಯಲ್ ಡೇ-ಲೂಯಿಸ್ 2012ರ ಚಿತ್ರವೊಂದರಲ್ಲಿ ಅಬ್ರಹಾಂ ಲಿಂಕನ್ನನೇ ಆದಾಗ ಅಮೆರಿಕನ್ನರು ಪ್ರಶಸ್ತಿಯಿತ್ತು ಗೌರವಿಸಿದರು. ಆಸ್ಟ್ರೇಲಿಯದ ಕೇಟ್ ಬ್ಲಾಂಚೆಟ್ 2004ರಲ್ಲಿ ಹಾಲಿವುಡ್ಡಿನ ಹಿರಿಯ ತಾರೆ ಕ್ಯಾಥರೀನ್ ಹೆಪ್‌ಬರ್ನಳ ಪಾತ್ರ ವಹಿಸಿ ಆಸ್ಕರ್ ಪಡೆದಳು. ಆದರೆ ಇದೇ ಸಂಗತಿ 1939ರಲ್ಲಿ ಅಮೆರಿಕದ ದಕ್ಷಿಣ ಸಂಸ್ಥಾನಗಳ ಅನೇಕರಿಗೆ ಮಾನದ ಪ್ರಶ್ನೆಯಾಗಿತ್ತು. ಆ ಪ್ರಶ್ನೆಗೆ ವಾದದಿಂದಲ್ಲ, ದುಡಿಮೆಯಿಂದ ಉತ್ತರವಿತ್ತವಳು ವಿವಿಯನ್ ಲೀ. ಒಂದು ಜನಪದದ ನುಡಿ ಯಾರ ಸೊತ್ತು ಎಂದು ಚಿಂತಿಸುವಾಗಲೆಲ್ಲ ನನಗೆ ಆಕೆಯ ಬಾಳು ನೆನಪಾಗುತ್ತದೆ.

ಆಕೆ ಹುಟ್ಟಿದುದು ಇಂಗ್ಲೆಂಡಿನಲ್ಲಿಯೂ ಅಲ್ಲ, ಅಮೆರಿಕದಲ್ಲಿಯೂ ಅಲ್ಲ; ನಮ್ಮ ಡಾರ್ಜಿಲಿಂಗಿನಲ್ಲಿ, 1913ರ ನವೆಂಬರ್ 5ರಂದು. ತಂದೆತಾಯಿಗಳಿಟ್ಟ ಹೆಸರು ವಿವಿಯನ್ ಮೇರಿ ಹಾರ್ಟ್ಲಿ. ತಂದೆ ಅರ್ನೆಸ್ಟ್ ಹಾರ್ಟ್ಲಿ ಕಲಕತ್ತೆಯಲ್ಲಿ ದಲ್ಲಾಳಿ ವ್ಯಾಪಾರದಲ್ಲಿದ್ದವನು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಆತ ಕುದುರೆ ಸೈನ್ಯದ ಅಧಿಕಾರಿಯಾಗಿ 1917ರಲ್ಲಿ ನಮ್ಮ ಬೆಂಗಳೂರಿಗೆ ಬಂದಾಗ, ತಾಯಿಯೂ ಮಗಳೂ ಉದಕಮಂಡಲದಲ್ಲಿ ನೆಲೆಸಿದ್ದರು. ಮೂರು ವರ್ಷದ ವಯಸ್ಸಿನಲ್ಲಿಯೇ, ತಾಯಿ ಸೇರಿದ್ದ ಹವ್ಯಾಸಿ ತಂಡದ ವೇದಿಕೆಯ ಮೇಲೆ ನಿಂತು ಒಂದು ಶಿಶುಗೀತೆಯನ್ನು ಹೇಳಿದ್ದೇ ಆಕೆಯ ರಂಗಪ್ರವೇಶ. 1920ರಲ್ಲಿ, ಏಳು ತುಂಬುವ ಮೊದಲೇ, ಲಂಡನ್ನಿನ ರೋಹ್ಯಾಂಪ್ಟನ್ ಕಾನ್ವೆಂಟಿನಲ್ಲಿ ಮಗುವನ್ನು ಬಿಟ್ಟು ತಾಯಿ ಭಾರತಕ್ಕೆ ಮರಳಿದಳು. ಮುಂದಿನ ವಿದ್ಯಾಭ್ಯಾಸ ಯೂರೋಪಿನ ಬೇರೆ ಬೇರೆ ಶಾಲೆಗಳಲ್ಲಿ ಸಾಗಿತು. ಒಂದು ನೆಲದಲ್ಲಿ ಬೇರು ಬಿಡುವ ಭಾಗ್ಯ ಆ ಹುಡುಗಿಗೆ ಬರಲಿಲ್ಲ. ಆದರೆ ಕಿವಿ ಮಾತ್ರ ಬಹುಬೇಗ ಎಚ್ಚತ್ತಿತು ಎಂದು ನಾನು ಊಹಿಸುತ್ತೇನೆ. ಹೋದೆಡೆಯಲ್ಲೆಲ್ಲ ಹೊಸಬಳಾಗಿರುವವಳು ಅಲ್ಲಿಯವರ ಮಾತಿಗೆ ಕಿವಿಗೊಡದೆ ವಿಧಿಯಿಲ್ಲ.

ಲಂಡನ್ನಿನ ರಾಜಕೀಯ ನಾಟ್ಯಶಾಲೆಯಲ್ಲಿ ಕಲಿಯುತ್ತಿರುವಾಗಲೇ, 1932ರಲ್ಲಿ, ಲೀ ಹೋಲ್ಮನ್ ಎಂಬ ನ್ಯಾಯವಾದಿಯೊಡನೆ ವಿವಾಹವಾಯಿತು. ಮರುವರ್ಷ ಮಗಳು ಜನಿಸಿದಳು. ಪತಿಯ ಹೆಸರಿನಿಂದಲೇ ರಂಗನಾಮವನ್ನು ಆರಿಸಿಕೊಂಡ ಆಕೆ 1935ರಲ್ಲಿ 'ದ ಮಾಸ್ಕ್ ಆಫ್ ವರ್ಚ್ಯೂ' ನಾಟಕದಿಂದ ಒಂದೇ ರಾತ್ರಿಯಲ್ಲಿ ಪ್ರಸಿದ್ಧಳಾದಳು. ಪತ್ರಿಕೆಗಳು ರೂಪವನ್ನು ಕೊಂಡಾಡಿದವು. ರೂಪದ ಹೊಗಳಿಕೆ ಎಷ್ಟೋ ವೇಳೆ ಪ್ರತಿಭೆಯನ್ನು ಮರೆಮಾಡುತ್ತದೆ. ಬಾಳಿನುದ್ದಕ್ಕೂ ಆಕೆ ಆ ಮುಸುಕಿನೊಡನೆ ಹೋರಾಡಬೇಕಾಯಿತು. ಮಹಾನಟ ಲಾರೆನ್ಸ್ ಒಲಿವಿಯರನ ಪರಿಚಯ ಪ್ರಣಯವಾಗಿ ಬೆಳೆದುದೂ ಈ ಕಾಲದಲ್ಲಿಯೇ. ಇಬ್ಬರೂ ತಂತಮ್ಮ ಮೊದಲ ವಿವಾಹಬಂಧನದಿಂದ ಬಿಡುಗಡೆ ಹೊಂದಿ 1940ರ ಆಗಸ್ಟಿನಲ್ಲಿ ದಂಪತಿಗಳಾದರು.

ಇತ್ತ 1936ರಲ್ಲಿ, ಜಾರ್ಜಿಯ ಸಂಸ್ಥಾನದ ಮಾರ್ಗರೆಟ್ ಮಿಚೆಲ್ ಎಂಬಾಕೆ ಬರೆದ 'ಗಾನ್ ವಿತ್ ದ ವಿಂಡ್' ಕಾದಂಬರಿ ಪ್ರಕಟವಾಗಿ ಅಮೆರಿಕವನ್ನೆಲ್ಲ ಮರುಳುಗೊಳಿಸಿತು. ಅಂತರ್ಯುದ್ಧದಲ್ಲಿ ಸೋತ ದಕ್ಷಿಣದ ಜಮೀನುದಾರರ ಕಥೆಯದು. ಅದನ್ನು ಚಿತ್ರವಾಗಿಸಲು ಹೊರಟ ನಿರ್ಮಾಪಕ ಡೇವಿಡ್ ಸೆಲ್ಜ್‌ನಿಕ್, ನಾಯಿಕೆ ಸ್ಕಾರ್ಲೆಟ್ ಓಹಾರಳಿಗಾಗಿ ಸುಮಾರು 1400 ಮಂದಿಯನ್ನು ಪರೀಕ್ಷಿಸಿದನೆಂದು ಪ್ರಸಿದ್ಧಿ. 1938ರ ಡಿಸೆಂಬರ್ 10ರ ರಾತ್ರಿ ಸ್ಟುಡಿಯೋದ ಹಳೆಯ ರಂಗಸಜ್ಜುಗಳಿಗೆ ಬೆಂಕಿಯಿಟ್ಟು ಅಟ್ಲಾಂಟ ನಗರದ ದಹನವನ್ನು ಚಿತ್ರಿಸುತ್ತಿದ್ದಾಗಲೂ ನಾಯಿಕೆ ನಿಶ್ಚಯವಾಗಿರಲಿಲ್ಲ. ಆ ಬೆಂಕಿಯ ಬೆಳಕಿನಲ್ಲಿಯೇ ನಿರ್ಮಾಪಕನ ಸೋದರನು ವಿವಿಯನ್ನಳನ್ನು ಕರೆತಂದು ಪರಿಚಯಿಸಿದನು. ಮರು ತಿಂಗಳು ಆಯ್ಕೆ ಪ್ರಕಟವಾಯಿತು. ದಕ್ಷಿಣದವರಲ್ಲಿ ಕೆಲವರು ಪ್ರತಿಭಟಿಸಿದರು. ಮತ್ತೆ ಕೆಲವರು, ತಮ್ಮ ಹಿರಿಯರನ್ನು ಸೋಲಿಸಿದ ಉತ್ತರದವಳಿಗಿಂತ ಆಂಗ್ಲೇಯಳೇ ಮೇಲೆಂದು ಸಮಾಧಾನ ತಾಳಿದರು.

ಈ ಎರಡನೆಯ ಮಾತಿನಲ್ಲಿ, ಆಡಿದವರು ಅರಿಯದ ಒಂದು ಸತ್ಯವೂ ಅಡಗಿತ್ತು. ಅಮೆರಿಕದ ಬಹುಭಾಗದಲ್ಲಿ ಪದದ ಕೊನೆಯ ರಕಾರವನ್ನು ಸ್ಪಷ್ಟವಾಗಿ ಉಚ್ಚರಿಸುವುದು ರೂಢಿ. ದಕ್ಷಿಣದ ಹಳೆಯ ಜಮೀನುದಾರ ಮನೆತನಗಳಾದರೋ ಆ ರಕಾರವನ್ನು ಸ್ವರದಲ್ಲಿಯೇ ಕರಗಿಸಿಬಿಡುತ್ತಿದ್ದವು. ಲಂಡನ್ನಿನ ಶಿಷ್ಟ ಆಂಗ್ಲದ ಪದ್ಧತಿಯೂ ಅದೇ. ಈ ಒಂದು ವಿಷಯದಲ್ಲಿ ಕ್ಯಾಲಿಫೋರ್ನಿಯದ ನಟಿಗಿಂತ ಕಡಲಾಚೆಯ ನಟಿಯೇ ಜಾರ್ಜಿಯಕ್ಕೆ ಹತ್ತಿರದವಳು. ಆದರೆ ದಕ್ಷಿಣದವರು ಸ್ವರಗಳನ್ನು ಎಳೆದು, ಬಾಗಿಸಿ, ನಿಧಾನವಾಗಿ ನುಡಿಯುವ ಬಗೆ ಬೇರೆಯೇ. ಅದನ್ನು ಕಲಿಸಲು ಜಾರ್ಜಿಯದ ಪತ್ರಕರ್ತೆ ಸೂಸನ್ ಮೈರಿಕ್ ನೇಮಕಗೊಂಡಳು. ನಿರ್ದೇಶಕ ಜಾರ್ಜ್ ಕ್ಯೂಕರನನ್ನು ನಡುವೆ ತೆಗೆದು ವಿಕ್ಟರ್ ಫ್ಲೆಮಿಂಗನನ್ನು ತಂದ ಮೇಲೂ, ವಿವಿಯನ್ ರಜಾದಿನಗಳಲ್ಲಿ ಗುಟ್ಟಾಗಿ ಕ್ಯೂಕರನ ಮನೆಗೆ ಹೋಗಿ ಪಾತ್ರವನ್ನು ತಿದ್ದಿಕೊಳ್ಳುತ್ತಿದ್ದಳು. ಸುಮಾರು 125 ದಿನ ಕ್ಯಾಮೆರಾದ ಮುಂದೆ ನಿಂತಳು. ಇದೇ ಚಿತ್ರದಲ್ಲಿ ಆಂಗ್ಲನಾದ ಲೆಸ್ಲಿ ಹೊವರ್ಡ್ ಬಹುಮಟ್ಟಿಗೆ ಆಂಗ್ಲನಾಗಿಯೇ ಉಳಿದನು. ಅಮೆರಿಕನ್ನನಾದ ಕ್ಲಾರ್ಕ್ ಗೇಬಲ್ ದಕ್ಷಿಣದ ಉಚ್ಚಾರಣೆಯ ಗೊಡವೆಗೇ ಹೋಗಲಿಲ್ಲ. ಪರದೇಶದ ಹೆಣ್ಣು ಪಟ್ಟ ಶ್ರಮವನ್ನು ಸ್ವದೇಶದ ನಾಯಕ ಪಡಲಿಲ್ಲವೆಂಬುದು ಗಮನಾರ್ಹ.

1940ರ ಫೆಬ್ರವರಿ 29ರಂದು ಶ್ರೇಷ್ಠ ನಟಿಯ ಆಸ್ಕರ್ ಪ್ರಶಸ್ತಿ ಆಕೆಯ ಕೈಸೇರಿತು. ಆದರೆ ಈ ವಿಜಯವನ್ನು ನೆನೆಯುವಾಗ ಅದರ ಪಕ್ಕದಲ್ಲಿಯೇ ನಿಂತಿದ್ದ ಅನ್ಯಾಯವನ್ನೂ ನೆನೆಯದಿರಲು ನನ್ನಿಂದಾಗದು. ಚಿತ್ರದಲ್ಲಿ ದಾಸಿಯ ಪಾತ್ರ ವಹಿಸಿದ ಹ್ಯಾಟಿ ಮ್ಯಾಕ್‌ಡೇನಿಯಲ್ ಗುಲಾಮಗಿರಿಯನ್ನು ಕಂಡುಂಡ ತಂದೆತಾಯಿಗಳ ಮಗಳು. 1939ರ ಡಿಸೆಂಬರ್ 15ರಂದು ಅಟ್ಲಾಂಟದಲ್ಲಿ ನಡೆದ ಪ್ರಥಮ ಪ್ರದರ್ಶನಕ್ಕೆ, ವರ್ಣಭೇದದ ಕಟ್ಟಳೆಯ ಕಾರಣದಿಂದ, ಆಕೆ ಹೋಗಲಾಗಲಿಲ್ಲ. ಪ್ರಶಸ್ತಿ ಪಡೆದ ಮೊದಲ ಕರಿಯ ಕಲಾವಿದೆಯಾದ ರಾತ್ರಿಯೂ ಆಕೆಗೆ ದೊರೆತದ್ದು ಗೋಡೆಯ ಬಳಿಯ ಪ್ರತ್ಯೇಕ ಮೇಜು. ಸಾವಿರಾರು ಮೈಲಿಯಾಚೆಯ ಬಿಳಿಯ ಹೆಣ್ಣು ಆ ನಾಡಿನ ಮಗಳೆನಿಸಿಕೊಳ್ಳಬಹುದಾಗಿತ್ತು. ಆ ನಾಡನ್ನು ಬೆವರಿನಿಂದ ಕಟ್ಟಿದವರ ಮಗಳು ಹೊಸ್ತಿಲ ಹೊರಗಿದ್ದಳು. ಚಿತ್ರವು ಗುಲಾಮಗಿರಿಯ ಕಾಲವನ್ನು ಹೊನ್ನಿನ ಕಾಲವೆಂಬಂತೆ ತೋರಿಸಿದ್ದೂ ದೋಷವೇ. ವಿವಿಯನ್ನಳ ಕಲೆ ದೊಡ್ಡದು. ಆ ಕಲೆ ತೊಟ್ಟ ಉಡುಪು ಮಾತ್ರ ನಿಷ್ಕಳಂಕವಾಗಿರಲಿಲ್ಲ.

ಅದೇ ದಕ್ಷಿಣದ ಇನ್ನೊಂದು ಮುಖವನ್ನು ತೋರುವ ಅವಕಾಶ ಹತ್ತು ವರ್ಷಗಳ ಮೇಲೆ ಬಂದಿತು. ಟೆನೆಸಿ ವಿಲಿಯಮ್ಸನ 'ಎ ಸ್ಟ್ರೀಟ್‌ಕಾರ್ ನೇಮ್ಡ್ ಡಿಸೈರ್' ನಾಟಕದ ಬ್ಲಾಂಚ್ ದುಬ್ವಾ, ಹಿರಿಯರ ಜಮೀನನ್ನು ಕಳೆದುಕೊಂಡು ನ್ಯೂ ಆರ್ಲಿಯನ್ಸಿನ ತಂಗಿಯ ಕಿರುಮನೆಗೆ ಬಂದು, ಅಲ್ಲಿ ಬುದ್ಧಿಯ ನೆಲೆಯನ್ನೇ ಕಳೆದುಕೊಳ್ಳುವ ಹೆಣ್ಣು. 1947ರಲ್ಲಿ ನ್ಯೂಯಾರ್ಕಿನ ರಂಗದ ಮೇಲೆ ಈ ಪಾತ್ರಕ್ಕೆ ಮೊದಲು ಜೀವವಿತ್ತವಳೂ ಲಂಡನ್ನಿನಲ್ಲಿ ಹುಟ್ಟಿದ ಜೆಸಿಕ ಟ್ಯಾಂಡಿಯೇ. 1949ರಲ್ಲಿ ಲಂಡನ್ನಿನ ಆಲ್ಡ್‌ವಿಚ್ ರಂಗಮಂದಿರದಲ್ಲಿ ಒಲಿವಿಯರನ ನಿರ್ದೇಶನದಲ್ಲಿ ವಿವಿಯನ್ ಅದನ್ನು ಕೈಗೊಂಡು 326 ಪ್ರಯೋಗಗಳಲ್ಲಿ ಅಭಿನಯಿಸಿದಳು. 1951ರಲ್ಲಿ ಇಲಿಯಾ ಕಜಾನ್ ಚಿತ್ರ ತೆಗೆದಾಗ ನ್ಯೂಯಾರ್ಕಿನ ತಂಡದ ಮಾರ್ಲನ್ ಬ್ರಾಂಡೊ, ಕಿಮ್ ಹಂಟರ್, ಕಾರ್ಲ್ ಮಾಲ್ಡನ್ ಮೂವರೂ ಉಳಿದರು; ಟ್ಯಾಂಡಿಯ ಸ್ಥಾನಕ್ಕೆ ಮಾತ್ರ ಹೆಚ್ಚು ಹೆಸರುಳ್ಳ ವಿವಿಯನ್ ಬಂದಳು. ಎರಡನೆಯ ಆಸ್ಕರ್ ಪ್ರಶಸ್ತಿಯೂ ಬಂದಿತು.

ಈ ಎರಡು ಚಿತ್ರಗಳನ್ನು ಒಂದರ ಬೆನ್ನಿಗೊಂದು ನೋಡಿದಾಗ ನನಗೆ ಹೊಳೆದದ್ದು ಇದು: ಸ್ಕಾರ್ಲೆಟ್ಟಳ ಬಾಯಲ್ಲಿ ದಕ್ಷಿಣದ ನುಡಿ ಆಯುಧ; ಬೇಡಲು, ಒಲಿಸಲು, ವಂಚಿಸಲು, ಬದುಕಲು ಅದು ಒದಗುತ್ತದೆ. ಬ್ಲಾಂಚಳ ಬಾಯಲ್ಲಿ ಅದೇ ನುಡಿ ಹರಿದ ಜರತಾರಿ ಸೀರೆ. ನಾಚಿಕೆಯನ್ನು ಮುಚ್ಚಿಕೊಳ್ಳಲು ಎಳೆದೆಳೆದು ಹೊದೆಯಬೇಕು. ಒಂದು ವರ್ಗದ ಉದಯವೇನೋ ಎಂಬಂಥ ಹಠವನ್ನೂ ಅದರ ಅಸ್ತಮಾನವನ್ನೂ ಹನ್ನೆರಡು ವರ್ಷಗಳ ಅಂತರದಲ್ಲಿ ಒಬ್ಬಳೇ, ಅದೂ ಹೊರಗಿನವಳೇ, ನುಡಿದು ತೋರಿಸಿದಳು.

ಆದರೆ ಅಷ್ಟರಲ್ಲಿಯೇ ದೇಹವೂ ಮನಸ್ಸೂ ಜರ್ಜರವಾಗಿದ್ದವು. ಕ್ಷಯರೋಗ 1945ರ ಹೊತ್ತಿಗೇ ಹಿಡಿದಿತ್ತು. ಉನ್ಮಾದ, ವಿಷಾದಗಳ ನಡುವೆ ತೂಗಾಡಿಸುವ ಮನೋವ್ಯಾಧಿ ಅದಕ್ಕಿಂತ ಕ್ರೂರವಾಗಿತ್ತು. 1953ರಲ್ಲಿ ಸಿಂಹಳದಲ್ಲಿ 'ಎಲಿಫೆಂಟ್ ವಾಕ್' ಚಿತ್ರವನ್ನು ಆರಂಭಿಸಿ ಕುಸಿದು ಬಿದ್ದಾಗ ಆ ಪಾತ್ರ ಎಲಿಜಬೆತ್ ಟೇಲರಳಿಗೆ ಹೋಯಿತು. ಬ್ಲಾಂಚಳೇ ತನ್ನನ್ನು ಹುಚ್ಚಿನೆಡೆಗೆ ನೂಕಿದಳೆಂದು ಆಕೆ ಮುಂದೆ ಹೇಳಿಕೊಂಡಳು. ಈ ಮಾತನ್ನು ಕಾವ್ಯವೆಂದು ಸವಿಯಲು ನಾನು ಸಿದ್ಧನಿಲ್ಲ. ರೋಗ ಪಾತ್ರಕ್ಕಿಂತ ಹಿಂದಿನದು. ಅಂದಿನ ವೈದ್ಯರ ಕೈಯಲ್ಲಿದ್ದುದು ಮುಖ್ಯವಾಗಿ ವಿದ್ಯುದಾಘಾತ ಚಿಕಿತ್ಸೆ. ಇಂಥ ವ್ಯಾಧಿಗೆ ಲಿಥಿಯಂ ಒದಗುವುದೆಂದು ಆಸ್ಟ್ರೇಲಿಯದ ವೈದ್ಯ ಜಾನ್ ಕೇಡ್ 1949ರಲ್ಲಿಯೇ ಕಂಡುಕೊಂಡಿದ್ದರೂ, ಅಮೆರಿಕ ಅದಕ್ಕೆ ಮಾನ್ಯತೆಯಿತ್ತುದು 1970ರಲ್ಲಿ. ಅಷ್ಟು ಹೊತ್ತಿಗೆ ಆಕೆ ಇರಲಿಲ್ಲ.

1960ರಲ್ಲಿ ಒಲಿವಿಯರನೊಡನೆ ವಿಚ್ಛೇದನವಾಯಿತು. ಆಮೇಲೂ ಆಕೆ ದುಡಿದಳು. ಕೊನೆಯ ಎರಡು ಚಿತ್ರಗಳಲ್ಲಿಯೂ ದೊರೆತದ್ದು ಅಮೆರಿಕನ್ ಸ್ತ್ರೀಯರ ಪಾತ್ರಗಳೇ: 1961ರಲ್ಲಿ ರೋಮಿನಲ್ಲಿ ಒಂಟಿಯಾದ ನಟಿ ಮಿಸೆಸ್ ಸ್ಟೋನ್, 1965ರ 'ಶಿಪ್ ಆಫ್ ಫೂಲ್ಸ್'ನಲ್ಲಿ ಮಧ್ಯವಯಸ್ಸಿನ ಪರಿತ್ಯಕ್ತೆ. 1967ರ ಜುಲೈನಲ್ಲಿ ಲಂಡನ್ನಿನ ಈಟನ್ ಸ್ಕ್ವೇರಿನ ಮನೆಯಲ್ಲಿ ಕ್ಷಯ ಆಕೆಯನ್ನು ಕೊಂಡೊಯ್ದಿತು. ವಯಸ್ಸು 53. ಆ ರಾತ್ರಿ ಲಂಡನ್ನಿನ ರಂಗಮಂದಿರಗಳು ತಮ್ಮ ಹೊರದೀಪಗಳನ್ನು ಒಂದು ಗಂಟೆಯ ಕಾಲ ಆರಿಸಿದವು.

ನುಡಿ ಹುಟ್ಟಿದವರ ಸೊತ್ತೋ, ದುಡಿದವರ ಸೊತ್ತೋ? ದುಡಿದವರದೂ ಹೌದೆಂದು ವಿವಿಯನ್ ಲೀ ಸ್ಥಾಪಿಸಿದಳು. ಇಂದು ಕಡಲು ದಾಟಿ ಹೋಗಿ ಅಮೆರಿಕದ ಮಾತನ್ನಾಡುವ ನಟನಟಿಯರೆಲ್ಲ ಆ ತೀರ್ಪಿನ ಫಲವನ್ನು ಉಣ್ಣುತ್ತಿದ್ದಾರೆ. ಆದರೆ ದುಡಿಯುವ ಅವಕಾಶವನ್ನು ಯಾರಿಗೆ ಕೊಟ್ಟರು, ಯಾರಿಗೆ ಕೊಡಲಿಲ್ಲ ಎಂಬ ಲೆಕ್ಕವನ್ನೂ ಜೊತೆಯಲ್ಲಿಯೇ ಬರೆದಿಡಬೇಕು. ಆಗ ಮಾತ್ರ ಆಕೆಯ ಕಲೆಗೆ ನಾವು ಸಲ್ಲಿಸುವ ಗೌರವ ಪ್ರಾಮಾಣಿಕವಾದೀತು.