ಕನ್ನಡಿಯ ಮುಂದೆ ವಿನ್ಸೆಂಟ್

ತನ್ನ ಬಾಳನ್ನು ತಾನೇ ಬರೆದರೆ ಅದು ಆತ್ಮಕಥೆ. ಚಿತ್ರಕಾರನು ತನ್ನ ಮುಖವನ್ನು ತಾನೇ ಬರೆದುಕೊಂಡರೆ ಅದು ಆತ್ಮಚಿತ್ರ. ಎರಡೂ ಕಷ್ಟದ ಕೆಲಸಗಳೇ. ನೋಡುವವನೂ ತಾನೇ, ನೋಡಿಸಿಕೊಳ್ಳುವವನೂ ತಾನೇ ಆದಾಗ ಇದ್ದುದನ್ನು ಇದ್ದಂತೆ ಹೇಳುವುದಕ್ಕೆ ಎದೆಗಾರಿಕೆ ಬೇಕು. ಅಂತಹ ಎದೆಗಾರಿಕೆಯಿಂದ ಸುಮಾರು 35 ಬಾರಿ ತನ್ನ ಮುಖವನ್ನು ವರ್ಣಗಳಲ್ಲಿ ಬರೆದುಕೊಂಡವನು ಡಚ್ ಕಲಾವಿದ ವಿನ್ಸೆಂಟ್ ವ್ಯಾನ್ ಗೋ.

ವಿನ್ಸೆಂಟನು 1853ರ ಮಾರ್ಚ್ 30ರಂದು ಹಾಲೆಂಡಿನ ದಕ್ಷಿಣ ಭಾಗದ ಜುಂಡರ್ಟ್ ಎಂಬ ಹಳ್ಳಿಯಲ್ಲಿ ಜನಿಸಿದನು. ತಂದೆ ಪ್ರಾಟೆಸ್ಟೆಂಟ್ ಪಾದ್ರಿ. ಹದಿನಾರನೆಯ ವಯಸ್ಸಿನಲ್ಲಿ ವಿನ್ಸೆಂಟನು ಚಿತ್ರಗಳನ್ನು ಮಾರುವ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದನು. ಆ ವೃತ್ತಿ ಕೈಹಿಡಿಯಲಿಲ್ಲ. ಮುಂದೆ ಬೆಲ್ಜಿಯಂ ದೇಶದ ಕಲ್ಲಿದ್ದಲು ಗಣಿಗಳ ನಾಡಿಗೆ ಧರ್ಮಬೋಧಕನಾಗಿ ಹೋದನು. ಅಲ್ಲಿಯ ಬಡ ಕಾರ್ಮಿಕರಿಗೆ ತನ್ನ ಬಟ್ಟೆಬರೆಗಳನ್ನೂ ಕೊಟ್ಟು ಅವರಂತೆಯೇ ಬಾಳಿದನು. ಮೇಲಿನವರಿಗೆ ಆ ರೀತಿ ಹಿಡಿಸಲಿಲ್ಲ; ಆ ಕೆಲಸವೂ ಉಳಿಯಲಿಲ್ಲ. 1880ರಲ್ಲಿ, ತನ್ನ ಇಪ್ಪತ್ತೇಳನೆಯ ವಯಸ್ಸಿನಲ್ಲಿ, ಚಿತ್ರಕಾರನಾಗಬೇಕೆಂದು ನಿಶ್ಚಯಿಸಿದನು. ಅಲ್ಲಿಂದ ಅವನಿಗೆ ಉಳಿದಿದ್ದ ಆಯುಷ್ಯ ಹತ್ತೇ ವರ್ಷ.

ಆ ಹತ್ತು ವರ್ಷಗಳೂ ಅವನನ್ನು ಸಲಹಿದವನು ತಮ್ಮ ತಿಯೊ. ಅವನು ಕಳುಹಿಸುತ್ತಿದ್ದ ಹಣದಲ್ಲಿಯೇ ಅಣ್ಣನ ಊಟ, ಬಾಡಿಗೆ, ಬಣ್ಣ ಎಲ್ಲವೂ ನಡೆಯಬೇಕಾಗಿತ್ತು. 1886ರಲ್ಲಿ ವಿನ್ಸೆಂಟನು ಪ್ಯಾರಿಸ್ಸಿಗೆ ಬಂದು ತಮ್ಮನೊಡನೆ ನೆಲೆಸಿದನು. ಮನುಷ್ಯರ ಮುಖಗಳನ್ನು ಬರೆಯಬೇಕೆಂಬ ಹಂಬಲ ಅವನಿಗೆ ಬಹಳವಾಗಿತ್ತು. ಆದರೆ ಎದುರಿಗೆ ಗಂಟೆಗಟ್ಟಲೆ ಕುಳಿತುಕೊಳ್ಳುವವರಿಗೆ ಕೂಲಿ ಕೊಡಲು ಹಣವಿರಲಿಲ್ಲ. ಆಗ ಅವನು ಕನ್ನಡಿಯ ಮುಂದೆ ಕುಳಿತನು. ಕೂಲಿ ಕೇಳದ, ಬೇಸರಪಡದ ಆಳು ಅವನಿಗೆ ದೊರೆತಂತಾಯಿತು. ಪ್ಯಾರಿಸ್ಸಿನ ಎರಡು ವರ್ಷಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಆತ್ಮಚಿತ್ರಗಳು ಮೂಡಿದವು. ಹೊಸ ಬಟ್ಟೆ ಕೊಳ್ಳಲಾಗದೆ, ಹಿಂದೆ ತನ್ನ ನಾಡಿನ ರೈತರ ಮುಖಗಳನ್ನು ಬರೆದಿದ್ದ ಚಿತ್ರಗಳ ಬೆನ್ನಿನ ಮೇಲೆಯೇ ಅವುಗಳಲ್ಲಿ ಕೆಲವನ್ನು ಬರೆದನು. 2022ರಲ್ಲಿ ಎಡಿನ್‌ಬರೋ ನಗರದ ಚಿತ್ರಶಾಲೆಯವರು ರೈತ ಹೆಂಗಸೊಬ್ಬಳ ಚಿತ್ರವನ್ನು ಎಕ್ಸ್-ಕಿರಣಗಳಿಂದ ಪರೀಕ್ಷಿಸಿದಾಗ, ಅದರ ಹಿಂಬದಿಯಲ್ಲಿ ರಟ್ಟಿನ ಮರೆಯಲ್ಲಿ ವಿನ್ಸೆಂಟನ ಮುಖವೊಂದು ಅಡಗಿರುವುದು ಗೋಚರಿಸಿತು.

1888ರಲ್ಲಿ ಅವನು ದಕ್ಷಿಣ ಫ್ರಾನ್ಸಿನ ಆರ್ಲ್ ಪಟ್ಟಣಕ್ಕೆ ಹೋದನು. ಆ ವರ್ಷದ ಕೊನೆಯಲ್ಲಿ ಮನೋವ್ಯಾಧಿ ಅವನನ್ನು ಆವರಿಸಿತು. ಡಿಸೆಂಬರ್ 23ರ ರಾತ್ರಿ, ಚಿತ್ತಕ್ಷೋಭೆಯಲ್ಲಿ, ತನ್ನ ಎಡಗಿವಿಯನ್ನೇ ಗಾಯಗೊಳಿಸಿಕೊಂಡನು. ಜನವರಿಯಲ್ಲಿ ಆಸ್ಪತ್ರೆಯಿಂದ ಮನೆಗೆ ಮರಳಿದವನು ಪಟ್ಟಿ ಕಟ್ಟಿದ ಮುಖವನ್ನೇ ಬರೆದನು. ಆ ಚಿತ್ರದಲ್ಲಿ ಪಟ್ಟಿ ಬಲಗಿವಿಯ ಮೇಲಿರುವಂತೆ ತೋರುತ್ತದೆ. ಕನ್ನಡಿಯು ಎಡವನ್ನು ಬಲವಾಗಿಸಿತು. ಚಿತ್ರಕಾರನು ಕನ್ನಡಿಯಲ್ಲಿ ಕಂಡುದನ್ನೇ ಬರೆದನು.

1889ರ ಮೇ ತಿಂಗಳಿನಲ್ಲಿ ಅವನು ತಾನಾಗಿಯೇ ಸೇಂಟ್ ರೆಮಿ ಎಂಬಲ್ಲಿಯ ಮಾನಸಿಕ ಚಿಕಿತ್ಸಾಲಯವನ್ನು ಸೇರಿದನು. ಜುಲೈ ತಿಂಗಳಿನಲ್ಲಿ ಬಯಲಿನಲ್ಲಿ ಚಿತ್ರ ಬರೆಯುತ್ತಿದ್ದಾಗ ವ್ಯಾಧಿ ಮರುಕಳಿಸಿತು. ಹಲವು ವಾರಗಳ ಕಾಲ ಅವನಿಗೆ ಎಂದಿನಂತೆ ಕೆಲಸ ಮಾಡಲಾಗಲಿಲ್ಲ. ಚೇತರಿಸಿಕೊಂಡು ಹಾಸಿಗೆಯಿಂದ ಎದ್ದ ದಿನವೇ ಅವನು ಕನ್ನಡಿಯ ಮುಂದೆ ನಿಂತು ಹೊಸದೊಂದು ಆತ್ಮಚಿತ್ರಕ್ಕೆ ಕೈಹಚ್ಚಿದನು.

ಅಂದು ಅವನ ಮುಂದಿದ್ದ ಕಾಲಾವಕಾಶ ಎಷ್ಟು ಕಿರಿದಾಗಿತ್ತೆಂಬುದನ್ನು ಯೋಚಿಸಿ ನೋಡಬೇಕು. ಶರೀರ ಬಲಗುಂದಿತ್ತು. ಕಿಟಕಿಯಿಂದ ಬರುವ ಬೆಳಕು ಗಳಿಗೆ ಗಳಿಗೆಗೂ ಬದಲಾಗುವಂಥದು. ವ್ಯಾಧಿ ಮತ್ತೆ ಯಾವಾಗ ಬಂದೆರಗುವುದೋ ಹೇಳಬಲ್ಲವರಿರಲಿಲ್ಲ. ಬಣ್ಣದ ನಿಯಮವೂ ಒಂದಿತ್ತು. ತೈಲವರ್ಣ ಒಣಗಲು ದಿನಗಳೇ ಬೇಕು. ಅದು ಆರುವ ತನಕ ಕಾಯದೆ, ಹಸಿಯ ಮೇಲೆ ಹಸಿಯನ್ನೇ ಇಡುತ್ತ ಹೋಗುವವನು ಪ್ರತಿಯೊಂದು ಗೆರೆಯನ್ನೂ ಮೊದಲ ಸಲವೇ ಸರಿಯಾಗಿ ಇಡಬೇಕು. ತಿದ್ದಿ ತೀಡಿದರೆ ಬಣ್ಣಗಳು ಕಲಸಿ ಕೆಸರಾಗುತ್ತವೆ.

ಆ ಚಿತ್ರವನ್ನು ಅವನು ಒಂದೇ ಪಟ್ಟಿನಲ್ಲಿ ಬರೆದು ಮುಗಿಸಿದಂತೆ ತೋರುತ್ತದೆ, ಅನಂತರ ತಿದ್ದಿದ ಗುರುತಿಲ್ಲ ಎಂದು ಕಲಾತಜ್ಞರು ಹೇಳುತ್ತಾರೆ. ಹಿನ್ನೆಲೆಯಲ್ಲಿ ಕಡುನೀಲಿ ಮತ್ತು ನೇರಳೆ. ಮೈಮೇಲೆ ನೀಲಿ ನಿಲುವಂಗಿ. ಕೈಯಲ್ಲಿ ಬಣ್ಣದ ಹಲಗೆ ಮತ್ತು ಕುಂಚಗಳು. ಆ ಕತ್ತಲೆಯ ನಡುವೆ ಹಳದಿಯ ಕೂದಲು, ಹಸಿರು ಛಾಯೆಯ ಬಿಳಿಚಿದ ಮುಖ. ತಾನು ಸೊರಗಿಹೋಗಿದ್ದುದನ್ನು ತಮ್ಮನಿಗೆ ಕಾಗದದಲ್ಲಿ ತಿಳಿಸಿದಂತೆಯೇ ಚಿತ್ರದಲ್ಲಿಯೂ ಮರೆಮಾಚದೆ ತೋರಿಸಿದನು. ಆದರೆ ರೋಗಿಯೆಂದಲ್ಲ, ಕುಂಚ ಹಿಡಿದು ಕೆಲಸಕ್ಕೆ ನಿಂತ ಕುಶಲಿಯೆಂದು ತನ್ನನ್ನು ಚಿತ್ರಿಸಿಕೊಂಡನು. ಈ ಚಿತ್ರ ವಾಷಿಂಗ್ಟನ್ನಿನ ರಾಷ್ಟ್ರೀಯ ಚಿತ್ರಶಾಲೆಯಲ್ಲಿದೆ.

1890ರ ಮೇ ತಿಂಗಳಿನಲ್ಲಿ ವಿನ್ಸೆಂಟನು ಪ್ಯಾರಿಸ್ಸಿನ ಸಮೀಪದ ಓವೇರ್ ಗ್ರಾಮಕ್ಕೆ ಬಂದನು. ಅಲ್ಲಿ ಕಳೆದ ಸುಮಾರು 70 ದಿನಗಳಲ್ಲಿ ಬಹುಮಟ್ಟಿಗೆ ದಿನಕ್ಕೊಂದರಂತೆ ಚಿತ್ರಗಳನ್ನು ಬರೆದನು. ಆದರೂ ಮನಸ್ಸಿನ ನೋವು ಅವನನ್ನು ಬಿಡಲಿಲ್ಲ. ಜುಲೈ 29ರಂದು, ಮೂವತ್ತೇಳನೆಯ ವಯಸ್ಸಿನಲ್ಲಿ, ಅವನು ತೀರಿಕೊಂಡನು. ಆರು ತಿಂಗಳಲ್ಲಿ ತಿಯೊ ಕೂಡ ಕಣ್ಮುಚ್ಚಿದನು. ಅನಂತರ ವಿನ್ಸೆಂಟನ ಚಿತ್ರಗಳನ್ನೂ ಪತ್ರಗಳನ್ನೂ ಜತನದಿಂದ ಕಾಪಾಡಿ ಲೋಕಕ್ಕೆ ಪರಿಚಯಿಸಿದವಳು ತಿಯೊನ ಪತ್ನಿ ಜೊಹಾನಾ. 1973ರಲ್ಲಿ ಆಮ್‌ಸ್ಟರ್‌ಡ್ಯಾಮ್ ನಗರದಲ್ಲಿ ಅವನ ಹೆಸರಿನ ವಸ್ತುಸಂಗ್ರಹಾಲಯ ತೆರೆಯಿತು.

ವಿನ್ಸೆಂಟನ ಕೈ ಬೇಗ ಓಡುತ್ತಿತ್ತು. ಆದರೆ ಅದು ಅವಸರದ ಕೈಯಲ್ಲ. ರೈತರ ಮುಖಗಳನ್ನು ಹತ್ತಾರು ಬಾರಿ, ತನ್ನ ಮುಖವನ್ನು ಮತ್ತೆ ಮತ್ತೆ ಬರೆದು ಪಳಗಿದ ಕೈ ಅದು. ಒಂದು ದಿನದಲ್ಲಿ ಮುಗಿದ ಆ ಚಿತ್ರದ ಹಿಂದೆ ಒಂಬತ್ತು ವರ್ಷಗಳ ದುಡಿಮೆಯಿತ್ತು. ಕಾಲ ಕಿರಿದಾಗಿದ್ದರೂ ಅವನು ಸತ್ಯವನ್ನು ಕಿರಿದುಗೊಳಿಸಲಿಲ್ಲ.