ಆಲಿಸಳನ್ನು ಪಾಪಚ್ಚಿ ಮಾಡಿದ ಕಸ್ತೂರಿ

ಲೂಯಿಸ್ ಕ್ಯಾರಲ್‌ನ ಆಲಿಸ್ ಕನ್ನಡಕ್ಕೆ ಬಂದು ಪಾಪಚ್ಚಿಯಾದಳು. ‘ಪಾತಾಳದಲ್ಲಿ ಪಾಪಚ್ಚಿ’ಯನ್ನು ಬರೆದ ನಾ. ಕಸ್ತೂರಿಯವರನ್ನು ಕೆಲವರು ಹಾಸ್ಯಸಾಹಿತಿಯೆಂದು ನೆನೆಯುತ್ತಾರೆ, ಇನ್ನು ಕೆಲವರು ಸತ್ಯಸಾಯಿ ಬಾಬಾ ಅವರ ಚರಿತ್ರಕಾರರೆಂದು. ಈ ಎರಡು ಗುಂಪುಗಳಿಗೆ ಪರಸ್ಪರ ಪರಿಚಯವಿದ್ದಂತೆ ತೋರುವುದಿಲ್ಲ.

ಕಸ್ತೂರಿಯವರು 1897ರಲ್ಲಿ ಹುಟ್ಟಿದ್ದು ಕೇರಳದ ತ್ರಿಪ್ಪೂಣಿತುರದಲ್ಲಿ. ಇತಿಹಾಸ ಬೋಧಿಸಲು ಮೈಸೂರಿಗೆ ಬಂದ ಅವರಿಗೆ ಕನ್ನಡ ಮನೆಮಾತಾಗಿರಲಿಲ್ಲ. ಹುಟ್ಟಿನಿಂದ ಆಡಿದ ಭಾಷೆಯ ವಿಚಿತ್ರಗಳು ನಮ್ಮ ಕಿವಿಗೆ ಬೀಳುವುದಿಲ್ಲ. ಹೊರಗಿನಿಂದ ಬಂದು ಕಲಿತವರಿಗೆ ಬೀಳುತ್ತವೆ. ಪದಗಳಿಗೆ ಬೇಕೆಂದೇ ತಪ್ಪರ್ಥ ಹಚ್ಚುವ ಅವರ ‘ಅನರ್ಥಕೋಶ’ ಅಂತಹ ಕಿವಿಯ ಫಲವೆಂದೇ ನನ್ನ ಎಣಿಕೆ. ಡಾ. ಎಂ. ಶಿವರಾಂ ಅವರು 1942ರಲ್ಲಿ ಆರಂಭಿಸಿದ ‘ಕೊರವಂಜಿ’ಗೂ ಅವರು ಬರೆದರು. ಮೈಸೂರಿನ ಬಾನುಲಿ ಕೇಂದ್ರಕ್ಕೆ ‘ಆಕಾಶವಾಣಿ’ ಎಂಬ ಹೆಸರು ಸೂಚಿಸಿದ ಶ್ರೇಯವೂ ಅವರಿಗೇ ಸಲ್ಲುತ್ತದೆಂಬ ಮಾತಿದೆ.

ಆಲಿಸ್‌ಗೆ ಇಂತಹವರೇ ಬೇಕಿತ್ತು. 1865ರಲ್ಲಿ ಬಂದ ಮೊದಲ ಪುಸ್ತಕದಲ್ಲಾಗಲಿ, 1871ರಲ್ಲಿ ಬಂದ ಅದರ ಮುಂದುವರಿಕೆಯಲ್ಲಾಗಲಿ ಕಥೆಗಿಂತ ಮಾತಿನ ಚೇಷ್ಟೆಯೇ ಹೆಚ್ಚು. ಕಥೆಯನ್ನು ಅನುವಾದಿಸಬಹುದು, ಶ್ಲೇಷೆಯನ್ನು ಹೊಸದಾಗಿ ಹುಟ್ಟಿಸಬೇಕಾಗುತ್ತದೆ. ಶೀರ್ಷಿಕೆಯನ್ನೇ ನೋಡಿ. ಕಸ್ತೂರಿಯವರು ‘ವಿಸ್ಮಯಲೋಕ’ವೆಂದು ಬರೆಯಲಿಲ್ಲ, ಪುರಾಣದ ಪಾತಾಳವನ್ನು ಕರೆದರು. ಕ್ಯಾರಲ್ 1864ರಲ್ಲಿ ಆಲಿಸ್ ಲಿಡೆಲ್ ಎಂಬ ಬಾಲಕಿಗೆ ಕಾಣಿಕೆಯಿತ್ತ ಹಸ್ತಪ್ರತಿಯ ಹೆಸರಿನಲ್ಲೂ ಇದ್ದದ್ದು ನೆಲದಡಿಯ ಲೋಕವೇ. ಪಾಪಚ್ಚಿ ಎಂಬುದಂತೂ ಹಳೇ ಮೈಸೂರಿನ ಮನೆಗಳಲ್ಲಿ ಮಗುವನ್ನು ಮುದ್ದಿನಿಂದ ಕರೆಯುವ ಮಾತು. ವಾನರರು ಮಾತಾಡಿದ ಕಿಷ್ಕಿಂಧೆಯ ಕಥೆ ಕೇಳಿ ಬೆಳೆಯುವ ಕಂಪ್ಲಿ, ಹೊಸಪೇಟೆಯ ಮಕ್ಕಳಿಗೆ ಮಾತಾಡುವ ಮೊಲ ಅಚ್ಚರಿಯಲ್ಲ.

ಮಗನನ್ನು ಕಳೆದುಕೊಂಡ ದುಃಖದಲ್ಲಿದ್ದ ಕಸ್ತೂರಿಯವರು 1948ರಲ್ಲಿ ಬಾಬಾ ಅವರನ್ನು ಕಂಡರು. ನಿವೃತ್ತಿಯ ಅನಂತರ ಪುಟ್ಟಪರ್ತಿಯೇ ಮನೆಯಾಯಿತು. ಅವರು ಬರೆದ ‘ಸತ್ಯಂ ಶಿವಂ ಸುಂದರಂ’ನಲ್ಲಿ ಹಂಪಿಯ ಪ್ರಸಂಗವೊಂದಿದೆ: ಮನೆಯವರೊಡನೆ ಬಂದ ಬಾಲಕ ಸತ್ಯ ವಿರೂಪಾಕ್ಷ ದೇವಾಲಯದ ಹೊರಗೇ ಉಳಿದಿದ್ದಾಗ, ಒಳಗೆ ಹೋದವರಿಗೆ ಗರ್ಭಗುಡಿಯಲ್ಲಿ ಅವನೇ ಕಂಡನಂತೆ. ನಂಬುವುದು ಬಿಡುವುದು ಓದುಗರಿಗೆ ಬಿಟ್ಟದ್ದು. ಅದೇ ದೇವಾಲಯದ ಕತ್ತಲೆಯ ಗೋಡೆಯ ಮೇಲೆ ಸಣ್ಣ ಕಿಂಡಿಯಿಂದ ರಾಜಗೋಪುರದ ನೆರಳು ತಲೆಕೆಳಗಾಗಿ ಮೂಡುತ್ತದೆ. ಹಳೆಯ ಕಸ್ತೂರಿಯಾಗಿದ್ದರೆ ಅದನ್ನು ಬಿಡುತ್ತಿದ್ದರೇ ಎಂದು, ಹೊಸಪೇಟೆಯಲ್ಲಿ ಸೇವೆಯಲ್ಲಿದ್ದ ವರ್ಷಗಳಲ್ಲಿ ಅತಿಥಿಗಳಿಗೆ ಆ ನೆರಳು ತೋರಿಸುವಾಗಲೆಲ್ಲ ನನಗೆ ಅನ್ನಿಸುತ್ತಿತ್ತು.

ಕನ್ನಡ ಒಬ್ಬ ವಿನೋದಗಾರನನ್ನು ಕಳೆದುಕೊಂಡಿತು ಎಂಬ ಆಕ್ಷೇಪವನ್ನು ನಾನು ಪೂರ್ತಿ ಒಪ್ಪಲಾರೆ. ಪುತ್ರಶೋಕ ಕಂಡ ತಂದೆಯಿಂದ ನಗೆಯ ಬಾಕಿ ವಸೂಲು ಮಾಡುವ ಅಧಿಕಾರ ಸಾಹಿತ್ಯಕ್ಕಿಲ್ಲ. ನಷ್ಟದ ಹೊಣೆ ನಮ್ಮದು. ಸಂಡೂರು, ಹೊಸಪೇಟೆಗಳ ಎಷ್ಟೋ ಮನೆಗಳಲ್ಲಿ ಬಾಬಾ ಚರಿತ್ರೆಯನ್ನು ಕಂಡಿದ್ದೇನೆ, ಪಾಪಚ್ಚಿಯನ್ನು ಒಂದೆಡೆಯೂ ಕಂಡಿಲ್ಲ. ಕಸ್ತೂರಿಯವರು 1987ರ ಆಗಸ್ಟ್‌ನಲ್ಲಿ ತೀರಿಕೊಂಡರು.