ಲವೆಗ್ ಮತ್ತು ಮಣ್ಣಿನ ಒಡ್ಡು

ದೀಪಾವಳಿ ಕಳೆದ ಮೇಲಿನ ವಾರಗಳಲ್ಲಿ ಶಿಗ್ಗಾಂವಿ, ಹಾನಗಲ್ಲ, ಸವಣೂರು, ಹಿರೇಕೆರೂರು ಭಾಗದ ಹಳ್ಳಿಗಳಿಗೆ ಹೋದವರು ಹೋರಿ ಬೆದರಿಸುವ ಹಬ್ಬವನ್ನು ಕಂಡಿರುತ್ತಾರೆ. ಕೊಬ್ಬರಿ ಸರ, ಬಲೂನು, ಬಣ್ಣದ ಪಟ್ಟಿಗಳಿಂದ ಸಿಂಗರಿಸಿದ ಹೋರಿಯನ್ನು ಊರಿನ ಬೀದಿಯಲ್ಲಿ ಓಡಲು ಬಿಡುತ್ತಾರೆ. ಅದರ ಕೊರಳ ಕೊಬ್ಬರಿಯನ್ನು ಹರಿಯಲು ಹುಡುಗರು ನುಗ್ಗುತ್ತಾರೆ. ಹಾವೇರಿ ಇನ್ನೂ ಧಾರವಾಡ ಜಿಲ್ಲೆಯೊಳಗೇ ಇದ್ದ ಕಾಲದಲ್ಲಿ, ನನ್ನ ಸೇವೆಯ ಮೊದಲ ವರ್ಷಗಳಲ್ಲಿ, ಹಿರೇಬೆಂಡಿಗೇರಿಯ ಸುತ್ತಮುತ್ತ ಇಂತಹ ಹಬ್ಬಗಳ ಬಂದೋಬಸ್ತಿಗೆ ಹೋಗುತ್ತಿದ್ದೆ. ಜನ ಮನೆಯ ಕಟ್ಟೆಗಳ ಮೇಲೆ, ಚಕ್ಕಡಿಗಳ ಮೇಲೆ, ಬದಿಯ ಮಣ್ಣಿನ ಒಡ್ಡಿನ ಮೇಲೆ ಒತ್ತೊತ್ತಾಗಿ ನಿಂತಿರುತ್ತಿದ್ದರು. ಹೋರಿಗೂ ಅವರಿಗೂ ನಡುವೆ ಇದ್ದದ್ದು ಆ ಒಡ್ಡೊಂದೇ.

ಆ ಒಡ್ಡನ್ನು ನೋಡಿದಾಗಲೆಲ್ಲ ನನಗೆ ನೆನಪಾಗುತ್ತಿದ್ದುದು ಪಿಯರ್ ಲವೆಗ್ ಎಂಬ ಫ್ರೆಂಚ್ ಕಾರು ಚಾಲಕ. ಧಾರವಾಡದಲ್ಲಿ ಅರ್ಥಶಾಸ್ತ್ರ ಓದುತ್ತಿದ್ದಾಗ ಗ್ರಂಥಾಲಯದ ಹಳೆಯ ಸಚಿತ್ರ ಪತ್ರಿಕೆಯೊಂದರಲ್ಲಿ ಅವರ ಸಾವಿನ ವೃತ್ತಾಂತವನ್ನು ಮೊದಲು ಓದಿದೆ. ಕಾರು ಪಂದ್ಯಗಳಲ್ಲಿ ನನಗೆ ಆಸಕ್ತಿಯಿರಲಿಲ್ಲ, ಈಗಲೂ ಅಷ್ಟಾಗಿ ಇಲ್ಲ. ಆದರೆ ಆ ಮನುಷ್ಯನ ಮೇಲೆ ಎರಡು ಬಾರಿ ಹೊರಿಸಲಾದ ತಪ್ಪು ನನ್ನನ್ನು ಬಿಡಲಿಲ್ಲ.

1905ರ ಡಿಸೆಂಬರ್ 22ರಂದು ಪ್ಯಾರಿಸ್ಸಿನಲ್ಲಿ ಹುಟ್ಟಿದ ಅವರ ನಿಜ ನಾಮಧೇಯ ಪಿಯರ್ ಬೂಯಾನ್. ಅವರ ಹಿರಿಯ ಬಂಧು ಆಲ್ಫ್ರೆಡ್ ವೆಲ್ಗ್ ಮೋಟಾರು ಯುಗದ ಆರಂಭದ ಸಾಹಸಿಗಳಲ್ಲೊಬ್ಬರು. ತಮ್ಮ ಹೆಸರಿನ ಅಕ್ಷರಗಳನ್ನು ಹಿಂದುಮುಂದು ಮಾಡಿ ಲವೆಗ್ ಎಂಬ ಹೆಸರಿನಲ್ಲಿ ಸ್ಪರ್ಧಿಸುತ್ತಿದ್ದ ಅವರು 1900ರ ಪ್ಯಾರಿಸ್-ಟುಲೂಸ್-ಪ್ಯಾರಿಸ್ ಪಂದ್ಯವನ್ನು ಗೆದ್ದಿದ್ದರು. ಪಿಯರ್ ಹುಟ್ಟುವುದಕ್ಕೆ ಮುಂಚೆಯೇ, 1904ರಲ್ಲಿ, ಅವರು ತೀರಿಕೊಂಡರು. ಕಾಣದ ಆ ಹಿರಿಯನ ಹೆಸರನ್ನೇ ಹುಡುಗ ಮುಂದೆ ತನ್ನದಾಗಿಸಿಕೊಂಡ. ಐಸ್ ಹಾಕಿ, ಟೆನಿಸ್ ಎರಡರಲ್ಲೂ ಪಳಗಿದ್ದ ಲವೆಗ್ ಕಾರು ಪಂದ್ಯಗಳಿಗೆ ಬಂದದ್ದು ತಡವಾಗಿ. 1938ರಲ್ಲಿ ಮೊದಲ ಬಾರಿಗೆ ಲೆ ಮಾನ್‌ನಲ್ಲಿ ಓಡಿಸಿದಾಗ ವಯಸ್ಸು ಮೂವತ್ತೆರಡು. ಬಳಿಕ ಯುದ್ಧ ಬಂದಿತು. ಯುದ್ಧಾನಂತರ 1950 ಮತ್ತು 1951ರಲ್ಲಿ ಟಾಲ್ಬೋ ಕಾರಿನಲ್ಲಿ ಆರು ಗ್ರ್ಯಾನ್ ಪ್ರೀ ಪಂದ್ಯಗಳಲ್ಲಿ ಸ್ಪರ್ಧಿಸಿ ಒಂದು ಅಂಕವನ್ನೂ ಗಳಿಸಲಿಲ್ಲ.

ಅವರ ಮನಸ್ಸಿದ್ದದ್ದು ಲೆ ಮಾನ್‌ನಲ್ಲಿ. ಫ್ರಾನ್ಸಿನ ಆ ಊರಿನ ಹೊರವಲಯದ ಸಾರ್ವಜನಿಕ ರಸ್ತೆಗಳನ್ನೇ ಮುಚ್ಚಿ, ಸುಮಾರು ಹದಿಮೂರೂವರೆ ಕಿಲೋಮೀಟರ್ ಸುತ್ತಳತೆಯ ದಾರಿಯಲ್ಲಿ ಇಪ್ಪತ್ತನಾಲ್ಕು ಗಂಟೆ ಕಾರು ಓಡಿಸುವ ಪಂದ್ಯವದು. ಶನಿವಾರ ಸಂಜೆ ನಾಲ್ಕಕ್ಕೆ ಆರಂಭ, ಭಾನುವಾರ ಸಂಜೆ ನಾಲ್ಕಕ್ಕೆ ಮುಕ್ತಾಯ. ಅಂದಿನ ರೂಢಿಯಲ್ಲಿ ಒಂದು ಕಾರಿಗೆ ಇಬ್ಬರು ಚಾಲಕರು, ಸರದಿಯ ಮೇಲೆ. 1951ರಲ್ಲಿ ಲವೆಗ್ ಮತ್ತು ರೆನೆ ಮಾರ್ಶಾಂ ಜೋಡಿ ನಾಲ್ಕನೆಯ ಸ್ಥಾನ ಪಡೆದಿತ್ತು.

ಮರುವರ್ಷ, 1952ರ ಜೂನ್‌ನಲ್ಲಿ, ತಮ್ಮದೇ ಖರ್ಚಿನಲ್ಲಿ ಸಿದ್ಧಪಡಿಸಿದ ಟಾಲ್ಬೋದೊಡನೆ ಅವರು ಮತ್ತೆ ಬಂದರು. ಯುದ್ಧದ ನಂತರ ಮರಳಿ ಪಂದ್ಯಕ್ಕಿಳಿದಿದ್ದ ಮರ್ಸಿಡಿಸ್ ಕಾರುಗಳು ಎದುರಾಳಿಗಳು. ರಾತ್ರಿ ಕಳೆಯುವ ಮುನ್ನ ಲವೆಗ್ ಮುಂಚೂಣಿಗೆ ಬಂದರು. ಮಾರ್ಶಾಂ ಶಿರಸ್ತ್ರಾಣ ಧರಿಸಿ ಕಾದು ನಿಂತಿದ್ದರು. ಕಾರು ಪೆಟ್ರೋಲಿಗಾಗಿ ನಿಂತಾಗಲೆಲ್ಲ ಮುಂದೆ ಬರುತ್ತಿದ್ದರು. ಲವೆಗ್ ಇಳಿಯಲಿಲ್ಲ. ಬೆಳಗಾಯಿತು, ಮಧ್ಯಾಹ್ನವಾಯಿತು. ಜರ್ಮನ್ ಕಾರುಗಳಿಗಿಂತ ಹಲವು ಸುತ್ತುಗಳಷ್ಟು ಮುಂದಿದ್ದ ನಲವತ್ತಾರರ ಆ ಮನುಷ್ಯ ಇಪ್ಪತ್ತೆರಡು ಗಂಟೆಗೂ ಮೀರಿ ಒಬ್ಬರೇ ಕುಳಿತು ಓಡಿಸಿದ್ದರು. ಪಂದ್ಯ ಮುಗಿಯಲು ಒಂದು ಗಂಟೆಗಿಂತ ತುಸು ಹೆಚ್ಚು ಕಾಲ ಉಳಿದಿದ್ದಾಗ ಎಂಜಿನ್ ಕೈಕೊಟ್ಟಿತು. ಮರ್ಸಿಡಿಸ್ ಮೊದಲೆರಡು ಸ್ಥಾನಗಳನ್ನು ಪಡೆಯಿತು.

ಫ್ರೆಂಚ್ ಜನ ಸಿಟ್ಟಿಗೆದ್ದರು. ಯುದ್ಧ ಮುಗಿದು ಏಳೇ ವರ್ಷವಾಗಿದ್ದ ಹೊತ್ತಿನಲ್ಲಿ ಫ್ರಾನ್ಸಿನ ನೆಲದಲ್ಲಿ ಜರ್ಮನ್ ಕಾರುಗಳ ಗೆಲುವನ್ನು ನೋಡಬೇಕಾಯಿತಲ್ಲ ಎಂಬ ಸಂಕಟ ಅವರದು. ದಣಿದ ಕೈ ತಪ್ಪು ಗೇರು ಹಾಕಿತು, ಸ್ವಾರ್ಥದಿಂದ ಸಹಚಾಲಕನಿಗೆ ಕಾರು ಕೊಡಲಿಲ್ಲ ಎಂದು ಆಡಿಕೊಂಡರು. ಎಂಜಿನ್ನಿನ ಕಂಪನ ಮೊದಲೇ ತಿಳಿದಿತ್ತು, ಅದನ್ನು ಸಂಭಾಳಿಸಿ ಓಡಿಸಲು ತಮ್ಮಿಂದ ಮಾತ್ರ ಸಾಧ್ಯವಿತ್ತು ಎಂಬುದು ಲವೆಗ್ ಅವರ ಸಮಜಾಯಿಷಿ. ಇದನ್ನು ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಎರಡು ವರ್ಷ ಹಿಂದೆ, 1950ರಲ್ಲಿ, ಇದೇ ಪಂದ್ಯದಲ್ಲಿ ಇದೇ ಟಾಲ್ಬೋ ಕಂಪನಿಯ ಕಾರನ್ನು ಲೂಯಿ ರೋಸಿಯೆ ಹೆಚ್ಚುಕಡಿಮೆ ಒಬ್ಬರೇ ಓಡಿಸಿ ಗೆದ್ದಿದ್ದರು. ಸಹಚಾಲಕನಾಗಿದ್ದ ಮಗನಿಗೆ ಅವರು ಬಿಟ್ಟುಕೊಟ್ಟದ್ದು ಒಂದೆರಡು ಸುತ್ತು ಮಾತ್ರ. ರೋಸಿಯೆ ರಾಷ್ಟ್ರವೀರರಾದರು. ಅದೇ ನಿರ್ಧಾರ ಮಾಡಿದ ಲವೆಗ್ ಅಹಂಕಾರಿಯೆನಿಸಿಕೊಂಡರು. ಕಡತಗಳ ನಡುವೆ ಮೂರು ದಶಕ ಕಳೆದ ನನಗೆ ಇದರಲ್ಲಿ ಆಶ್ಚರ್ಯವೇನೂ ಕಾಣುವುದಿಲ್ಲ. ಮಳೆ ಬಂದರೆ ಬರ ಪರಿಹಾರದ ಅಂದಾಜು ಮಾಡಿದವನು ದಡ್ಡ, ಬಾರದಿದ್ದರೆ ದೂರದರ್ಶಿ. ಹಾಗೆಂದು ಲವೆಗ್ ಮಾಡಿದ್ದು ಸರಿಯೆಂದು ನಾನು ಹೇಳುವುದಿಲ್ಲ. ನಿದ್ದೆಗೆಟ್ಟ ಒಬ್ಬ ಮನುಷ್ಯ ಇನ್ನೂರು ಕಿಲೋಮೀಟರ್ ವೇಗದಲ್ಲಿ ಹೋಗುವುದು ಅವನೊಬ್ಬನ ವಿಷಯವಲ್ಲ. ಹಾಗೆ ಓಡಿಸಲು ಅವಕಾಶ ಕೊಟ್ಟದ್ದು ಅಂದಿನ ನಿಯಮ. ಒಬ್ಬ ಚಾಲಕ ಎಷ್ಟು ಹೊತ್ತು ಓಡಿಸಬಹುದೆಂಬ ಮಿತಿ ನಂತರದ ವರ್ಷಗಳಲ್ಲಿ ಬಂದಿತು.

1953ರಲ್ಲಿ ವಿಶ್ವ ಸ್ಪೋರ್ಟ್ಸ್ ಕಾರು ಚಾಂಪಿಯನ್‌ಷಿಪ್ ಆರಂಭವಾಯಿತು. ಅಮೆರಿಕದ ಸೆಬ್ರಿಂಗ್, ಇಟಲಿಯ ಮಿಲ್ಲೆ ಮಿಲ್ಯಾ, ಲೆ ಮಾನ್, ಮೆಕ್ಸಿಕೊದ ಕರೇರಾ ಪಾನಾಮೆರಿಕಾನಾ ಸೇರಿ ಏಳು ದೀರ್ಘ ಪಂದ್ಯಗಳನ್ನು ಒಂದು ಸರಣಿಗೆ ಪೋಣಿಸಲಾಯಿತು. ಪ್ರಶಸ್ತಿ ಚಾಲಕನಿಗಲ್ಲ, ಕಾರು ತಯಾರಕನಿಗೆ. ಚಾಲಕರಿಗೆ ಈ ಸರಣಿಯಲ್ಲಿ ಪ್ರಶಸ್ತಿ ದೊರೆಯಲು 1981ರವರೆಗೆ ಕಾಯಬೇಕಾಯಿತು. ಭಾನುವಾರ ಗೆದ್ದ ಕಾರು ಸೋಮವಾರ ಅಂಗಡಿಯಲ್ಲಿ ಮಾರಾಟವಾಗುವ ಲೆಕ್ಕಾಚಾರ ಇದರ ಹಿಂದಿತ್ತು. ಹೀಗಾಗಿ ಕಾರುಗಳ ವೇಗ ಏರಿತು, ರಸ್ತೆ ಹಾಗೆಯೇ ಉಳಿಯಿತು. 1923ರ ಮೊದಲ ಪಂದ್ಯವನ್ನು ಗೆದ್ದ ಕಾರಿನ ಸರಾಸರಿ ವೇಗ ಗಂಟೆಗೆ 92 ಕಿಲೋಮೀಟರ್. 1955ರ ಅತಿ ವೇಗದ ಸುತ್ತಿನ ಸರಾಸರಿ 196ನ್ನು ದಾಟಿತ್ತು. ಕಾರುಗಳು ಪೆಟ್ರೋಲಿಗೆ ನಿಲ್ಲುವ ತಾಣಕ್ಕೂ ಓಟದ ದಾರಿಗೂ ನಡುವೆ ಅಡ್ಡಗೋಡೆ ಇರಲಿಲ್ಲ, ವೇಗ ತಗ್ಗಿಸಲು ಪ್ರತ್ಯೇಕ ಪಥವಿರಲಿಲ್ಲ. ಎದುರು ಬದಿಯಲ್ಲಿ ಪ್ರೇಕ್ಷಕರು, ಅವರ ಮುಂದೆ ಮಣ್ಣಿನ ಒಡ್ಡು. ವೇಗದ ಲಾಭ ಒಬ್ಬರಿಗೆ, ಅದರ ಅಪಾಯ ಟಿಕೇಟು ಕೊಂಡು ನಿಂತ ಇನ್ನೊಬ್ಬರಿಗೆ ಎಂಬ ವ್ಯವಸ್ಥೆಗೆ ಅರ್ಥಶಾಸ್ತ್ರದ ಪಠ್ಯಗಳಲ್ಲಿ ಇದಕ್ಕಿಂತ ಸ್ಪಷ್ಟವಾದ ಉದಾಹರಣೆಯನ್ನು ನಾನು ಓದಿಲ್ಲ.

1955ರಲ್ಲಿ ಮರ್ಸಿಡಿಸ್ ಲೆ ಮಾನ್‌ಗೆ ಮೂರು ಕಾರುಗಳನ್ನು ತಂದಿತು. ತಂಡದ ವ್ಯವಸ್ಥಾಪಕ ಆಲ್ಫ್ರೆಡ್ ನಾಯ್‌ಬಾವರ್ 1952ರ ಆ ಒಂಟಿ ಓಟವನ್ನು ಮರೆತಿರಲಿಲ್ಲ. ಅವರು ಲವೆಗ್ ಅವರನ್ನು ಕರೆದರು. ಜರ್ಮನ್ ತಂಡದಲ್ಲಿ ಒಬ್ಬ ಫ್ರೆಂಚನಿದ್ದರೆ ಸ್ಥಳೀಯರ ಮನಸ್ಸು ತಣಿದೀತೆಂಬ ಎಣಿಕೆಯೂ ಇದ್ದೀತೆಂದು ಹಲವರು ಭಾವಿಸುತ್ತಾರೆ. ಸಹಚಾಲಕ ಅಮೆರಿಕದ ಜಾನ್ ಫಿಚ್. ನಲವತ್ತೊಂಬತ್ತರ ಲವೆಗ್ ತಂಡದ ಫಾಂಜಿಯೊ, ಸ್ಟರ್ಲಿಂಗ್ ಮಾಸ್ ಅವರಷ್ಟು ವೇಗಿಗಳಾಗಿರಲಿಲ್ಲ. ಪೆಟ್ರೋಲು ತಾಣದ ಎದುರಿನ ರಸ್ತೆ ಇಕ್ಕಟ್ಟಾಗಿದೆಯೆಂಬ ಆತಂಕವನ್ನು ಅವರು ತಮ್ಮೊಡನೆ ತೋಡಿಕೊಂಡಿದ್ದರೆಂದು ಫಿಚ್ ಮುಂದೆ ನೆನಪಿಸಿಕೊಂಡಿದ್ದಾರೆ.

ಜೂನ್ 11ರ ಸಂಜೆ, ಸುಮಾರು ಆರೂವರೆ. ಜಾಗ್ವಾರ್ ಕಾರಿನ ಮೈಕ್ ಹಾಥಾರ್ನ್, ಲ್ಯಾನ್ಸ್ ಮ್ಯಾಕ್ಲಿನ್ ಅವರ ಆಸ್ಟಿನ್-ಹೀಲಿಯನ್ನು ಹಿಂದಿಕ್ಕಿದ ಕೂಡಲೇ ಪೆಟ್ರೋಲು ತಾಣಕ್ಕೆಂದು ಬ್ರೇಕ್ ಒತ್ತಿದರು. ಮ್ಯಾಕ್ಲಿನ್ ಡಿಕ್ಕಿ ತಪ್ಪಿಸಲು ಎಡಕ್ಕೆ ಸರಿದರು. ಹಿಂದಿನಿಂದ ಬರುತ್ತಿದ್ದ ಲವೆಗ್ ಅವರಿಗೆ ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. ಮುಂದಿನ ಕಾರಿನ ಇಳಿಜಾರಾದ ಹಿಂಬದಿಯನ್ನು ಹತ್ತಿ ಮರ್ಸಿಡಿಸ್ ಗಾಳಿಗೆ ಹಾರಿತು, ಒಡ್ಡಿಗೆ ಬಡಿಯಿತು. ಎಂಜಿನ್ ಮತ್ತಿತರ ಭಾರದ ಭಾಗಗಳು ಕಿತ್ತುಬಂದು ಜನರ ನಡುವೆ ನುಗ್ಗಿದವು. ಲವೆಗ್ ಹೊರಗೆಸೆಯಲ್ಪಟ್ಟು ಸ್ಥಳದಲ್ಲೇ ಸತ್ತರು. ಕಾರಿನ ಮೈ ಮೆಗ್ನೀಷಿಯಂ ಮಿಶ್ರಲೋಹದ್ದು. ನೀರು ಹಾಕಿದಷ್ಟೂ ಬೆಂಕಿ ಹೆಚ್ಚಿತು. ಎಂಬತ್ತಕ್ಕೂ ಹೆಚ್ಚು ಪ್ರೇಕ್ಷಕರು ಪ್ರಾಣ ಕಳೆದುಕೊಂಡರು. ಡಿಕ್ಕಿಗೆ ಕ್ಷಣ ಮುನ್ನ ಲವೆಗ್ ಕೈಯೆತ್ತಿ ಎಚ್ಚರಿಸಿದ್ದರಿಂದಲೇ ತಾವು ಬದುಕಿದೆವೆಂದು ಅವರ ಹಿಂದಿದ್ದ ಫಾಂಜಿಯೊ ಕೊನೆಯವರೆಗೂ ನಂಬಿದ್ದರು.

ಪಂದ್ಯವನ್ನು ನಿಲ್ಲಿಸಲಿಲ್ಲ. ಲಕ್ಷಾಂತರ ಜನ ಒಮ್ಮೆಗೇ ಹೊರಟರೆ ಆಂಬುಲೆನ್ಸುಗಳಿಗೆ ದಾರಿ ಸಿಗದೆಂಬುದು ಸಂಘಟಕರ ವಾದ. ಬಂದೋಬಸ್ತು ನೋಡಿಕೊಂಡವನಾಗಿ ಆ ವಾದವನ್ನು ನಾನು ತಳ್ಳಿಹಾಕಲಾರೆ. ಮುಂಚೂಣಿಯಲ್ಲಿದ್ದ ಮರ್ಸಿಡಿಸ್ ನಡುರಾತ್ರಿಯ ನಂತರ ತನ್ನ ಕಾರುಗಳನ್ನು ಹಿಂತೆಗೆಯಿತು. ಹಾಥಾರ್ನ್ ಜೋಡಿ ಗೆದ್ದಿತು. ಆ ವರ್ಷದ ಚಾಂಪಿಯನ್‌ಷಿಪ್ ಮಾತ್ರ ಮರ್ಸಿಡಿಸ್‌ಗೇ ಹೋಯಿತು. ಅದನ್ನು ಪಡೆದು ಆ ಕಂಪನಿ ಪಂದ್ಯಗಳಿಂದ ದಶಕಗಳ ಕಾಲ ದೂರ ಉಳಿಯಿತು. ಸ್ವಿಟ್ಜರ್ಲೆಂಡ್ ಇಂತಹ ಓಟಗಳನ್ನೇ ನಿಷೇಧಿಸಿತು.

ತಪ್ಪು ಯಾರದು ಎಂಬ ಹುಡುಕಾಟ ಅಂದೇ ಆರಂಭವಾಯಿತು. ಬ್ರಿಟಿಷರು ಲವೆಗ್ ಅವರ ವಯಸ್ಸನ್ನು, ಫ್ರೆಂಚರು ಹಾಥಾರ್ನ್ ಅವರ ದುಡುಕನ್ನು ಎತ್ತಿ ತೋರಿಸಿದರು. 1958ರಲ್ಲಿ ಹಾಥಾರ್ನ್ ತಮ್ಮ ಪುಸ್ತಕದಲ್ಲಿ ಹೊಣೆಯಿಂದ ಜಾರಿಕೊಂಡರೆಂದು ಮ್ಯಾಕ್ಲಿನ್ ಮಾನನಷ್ಟದ ದಾವೆ ಹೂಡಿದರು. 1959ರ ಜನವರಿಯಲ್ಲಿ ರಸ್ತೆ ಅಪಘಾತದಲ್ಲಿ ಹಾಥಾರ್ನ್ ಸತ್ತಾಗ ಅದೂ ಮುಗಿಯಿತು. ಫ್ರಾನ್ಸಿನ ಅಧಿಕೃತ ತನಿಖೆ ಯಾವ ಚಾಲಕನನ್ನೂ ದೋಷಿಯೆನ್ನಲಿಲ್ಲ. ಅಷ್ಟು ವೇಗಕ್ಕೆ ಆ ದಾರಿಯ ಸುರಕ್ಷತೆ ಸಾಲದಾಗಿತ್ತು ಎಂದಿತು. ಮರುವರ್ಷದ ಪಂದ್ಯಕ್ಕೆ ಮುನ್ನ ಪೆಟ್ರೋಲು ತಾಣವನ್ನು ಕೆಡವಿ ಹಿಂದಕ್ಕೆ ಸರಿಸಿ ಕಟ್ಟಲಾಯಿತು, ರಸ್ತೆಯನ್ನು ಅಗಲಗೊಳಿಸಲಾಯಿತು.

ನಮ್ಮ ಆ ಭಾಗದ ಒಂದು ಊರಿನಲ್ಲಿ ಹೋರಿ ಜನರತ್ತ ತಿರುಗಿ ಒಬ್ಬ ಹುಡುಗನ ತೊಡೆ ಮುರಿದಾಗ ನಾನೂ ಒಂದು ವರದಿ ಬರೆದಿದ್ದೆ. ಬೀದಿಯ ಅಗಲವನ್ನು ಅಳೆಸಿ, ಒಡ್ಡಿನ ಎತ್ತರ ನಮೂದಿಸಿ, ಕೈಯಲ್ಲೇ ನಕ್ಷೆ ಬಿಡಿಸಿ ಲಗತ್ತಿಸಿದ್ದೆ. ಮೇಲಿನಿಂದ ಮರಳಿ ಬಂದ ಟಿಪ್ಪಣಿಯಲ್ಲಿ ಕೇಳಿದ್ದು ಹೋರಿಯ ಮಾಲೀಕನ ಹೆಸರನ್ನು ಮಾತ್ರ. 2025ರ ದೀಪಾವಳಿಯಲ್ಲೂ ಹಾವೇರಿ ಜಿಲ್ಲೆಯಲ್ಲಿ ಹೋರಿ ತಿವಿದು ಜನ ಸತ್ತ ಸುದ್ದಿ ಓದಿದೆ. ಸತ್ತವರಲ್ಲಿ ಸ್ಪರ್ಧೆಗಿಳಿಯದ ವೃದ್ಧರೂ ಇದ್ದರು.

ಜಾನ್ ಫಿಚ್ ಆಮೇಲೆ ರಸ್ತೆ ಸುರಕ್ಷತೆಯ ಕೆಲಸಕ್ಕಿಳಿದರು. ಅಮೆರಿಕದ ಹೆದ್ದಾರಿಗಳಲ್ಲಿ ಸೇತುವೆಯ ಕಂಬಗಳ ಮುಂದೆ ಸಾಲಾಗಿ ನಿಲ್ಲಿಸುವ, ಮರಳು ತುಂಬಿದ ಹಳದಿ ಪೀಪಾಯಿಗಳು ಅವರ ಕಲ್ಪನೆಯ ಕೂಸು. ಡಿಕ್ಕಿ ಹೊಡೆದ ಕಾರಿನ ವೇಗವನ್ನು ಅವು ಹಂತಹಂತವಾಗಿ ನುಂಗಿಕೊಳ್ಳುತ್ತವೆ. 2012ರಲ್ಲಿ ಅವರು ತೀರಿಕೊಂಡರು. 1955ರ ಆ ಸಂಜೆ ಲವೆಗ್ ಅವರ ಪತ್ನಿಯ ಪಕ್ಕದಲ್ಲಿ ನಿಂತು ಎಲ್ಲವನ್ನೂ ಕಣ್ಣಾರೆ ಕಂಡವರು ಅವರು. ಆ ಕಾರಿನ ಮುಂದಿನ ಸರದಿ ಅವರದಾಗಿತ್ತು, ಈ ಬಾರಿ ಅದನ್ನು ಬಿಟ್ಟುಕೊಡಲು ಲವೆಗ್ ಒಪ್ಪಿದ್ದರು.